ಮಾವನ ಪಥ್ಯ

ಮಕ್ಕಳ ಆಸ್ಪತ್ರೆಯಲ್ಲಿ ಮಗಳ ಚುಚ್ಚುಮದ್ದಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಒಂದೂವರೆ ವರ್ಷದ ಹೆಣ್ಣುಕೂಸು. ನರ್ಸ್ ಆಗತಾನೇ ಅದರ ತೂಕ ನೋಡಿ ಕಳಿಸಿದ್ದಳು.

“ನಾಲ್ಕು ತಿಂಗಳಿಂದ ನೂರು ಗ್ರಾಮೂ ಏರಿಲ್ವಂತೆ, ಅತ್ತೆ.”

“ಅವರ ತಕ್ಕಡಿನೇ ಕೆಟ್ಟಿರಬೇಕು.”

“ಮೈ ಮುಟ್ಟಿ ನೋಡಿ, ಹೇಗೆ ಒಣಗಿದೆ. ಏನೇನು ತಿನ್ನಿಸ್ತೀರಿ ಅಂತ ಕೇಳಿದ್ರು.”

“ಏನಂದೆ?”

“ಎಲ್ಲಾ ಅಂದೆ. ಬೆಣ್ಣೆ, ತುಪ್ಪ, ಎಣ್ಣೆ ಒಂದೂ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ.”

“ನಿಮ್ಮ ಮಾವಂಗೆ ಎದೆನೋವು ಬಂದಾಗ ಈ ಪಥ್ಯ ಡಾಕ್ಟರೇ ಬರೆದುಕೊಟ್ಟಿದ್ದು. ನಾನೇನು ಕನಸು ಕಂಡು ಹೇಳಿದ್ನಾ?”

“ಅದು ಮಾವಂಗೆ ಬರೆದದ್ದು.”

“ಒಂದೇ ರಕ್ತ ಅಲ್ವೇನೇ?”

“ಅವರಿಗೂ ಕಮ್ಮಿ ಮಾಡಿ ಅಂದ್ರು ಅಷ್ಟೆ. ನೀವು ಬಾಣಲೇನೇ ಅಟ್ಟಕ್ಕೆ ಹಾಕಿದ್ರಿ. ಮಗು ಹಾಲಿನ ಕೆನೇನೂ ತೆಗೆದ್ರಿ.”

“ಅವಳ ಒಳ್ಳೇದಕ್ಕೇ ಕಣೇ.”

“ಈ ವಯಸ್ಸಲ್ಲಿ ಮಕ್ಕಳಿಗೆ ಕೊಬ್ಬು ಬೇಕೇ ಬೇಕಂತೆ. ಮಿದುಳು ಬೆಳೆಯೋಕೂ ಅದೇ ಬೇಕಂತೆ.”

ಅತ್ತೆ ಕೂಸಿನ ಕಾಲನ್ನು ಸೆರಗಿನಿಂದ ಮುಚ್ಚಿದರು.

“ಮಿದುಳಿಗಾ?”

“ಹೂಂ.”

ಒಳಗಿಂದ ಕರೆ ಬಂತು. ಸೊಸೆ ಎದ್ದಳು. ಅತ್ತೆ ಅವಳ ತೋಳು ಹಿಡಿದುಕೊಂಡೇ ನಡೆದರು.

“ನಾನು ಮಲಗಿದ್ದಾಗ ಕದ್ದುಮುಚ್ಚಿ ಒಂಚೂರು ತುಪ್ಪನಾದ್ರೂ ಕೊಟ್ಟಿರ್ತೀಯ, ಅಲ್ವಾ?”

“ಇಲ್ಲ ಅತ್ತೆ.”

“ಒಂದು ಸಲಾನೂ?”

“ನಿಮಗೆ ಹೆದರ್ತಿದ್ದೆ.”

“ಕೊಡಬೇಕಿತ್ತು ಕಣೇ, ಪೆದ್ದಿ. ನನ್ನ ಮಾತು ಯಾಕೆ ಕೇಳಿದೆ?”