ನೆಪದ ಅಂಗಡಿ

ನಗಬಹುದೇ? ನಕ್ಕರೆ ಹಲ್ಲು ಕಿತ್ತ ಜಾಗದಲ್ಲಿ ಕಚ್ಚಿಕೊಂಡ ಹತ್ತಿ ಜಾರೀತೆಂದು ಅವನು ತುಟಿ ಬಿಗಿದು ಕುಳಿತಿದ್ದ. ದಂತವೈದ್ಯರ ಕೋಣೆಯ ಹೊರಗೆ, ಎದುರು ಬೆಂಚಿನಲ್ಲಿ, ಇಬ್ಬರು ಹಾಸ್ಯಗಾರರು ಸಂಜೆಯ ಕಾರ್ಯಕ್ರಮಕ್ಕೆ ಹೊಸ ಹೊಸ ಹುಚ್ಚು ವ್ಯಾಪಾರಗಳ ಜೋಕು ಹುಟ್ಟಿಸುತ್ತಿದ್ದರು.

“ಗೊರಕೆಯಿಂದ ತಿರುಗೋ ಫ್ಯಾನು,” ಎಂದ ದಪ್ಪನೆಯವನು.

“ಗಂಡನ್ನ ಎಬ್ಬಿಸಿದ್ರೆ ಅತ್ತೆ ಬೈತಾರೆ, ಕರೆಂಟ್ ತೆಗೆದ್ಯಲ್ಲೇ ಅಂತ!” ಎಂದ ಸಣಕಲ.

“ನೆಪ ಮಾರೋ ಅಂಗಡಿ?”

“ಯಾವಾಗ ತೆಗಿಯುತ್ತೆ?”

“ಎಲ್ಲಿ ತೆಗಿಯುತ್ತೆ? ದಿನಾ ಒಂದು ನೆಪ!”

“ಲೋ, ಎದುರಿಗಿರೋರನ್ನ ನೋಡು. ಮುಖ ಮಿಸುಕಲಿಲ್ಲ.”

“ಹೋದ್ಸಲಾನೂ ಯಾರೂ ನಗಲಿಲ್ಲ. ಇವತ್ತೂ ಹಾಗಾದ್ರೆ ಇನ್ಯಾರೂ ಕರೆಯಲ್ಲ ಗುರೂ.”

“ಗುರುತಿಲ್ಲದೋರು ನಗದಿದ್ರೆ ಕೈಬಿಡೋದು, ಅದೇ ಅಲ್ವಾ ನಮ್ಮ ಪದ್ಧತಿ? ಅಂಗಡಿ ಬೇಡ ಬಿಡು.”

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದು ಹೋದರು. ತಡೆದ ನಗುವಿಗೆ ಅವನ ಹೊಟ್ಟೆ ಇನ್ನೂ ಕುಲುಕುತ್ತಿತ್ತು. ಅಂಗಡಿಯೇ ಎಲ್ಲಕ್ಕಿಂತ ಚೆನ್ನಾಗಿದೆ, ಬಿಡಬೇಡಿ ಎಂದು ಅವನು ಹೇಳಲೇ ಇಲ್ಲ.