ಅಪ್ಪನ ಸ್ನಾನ

ಮೆಡಿಕಲ್ ಶಾಪಿನ ಸಾಲಿನಲ್ಲಿ ಕಣ್ಣಿನ ಡ್ರಾಪ್ಸಿಗೆಂದು ನಿಂತಿದ್ದ ದರ್ಜಿಗೆ, ಮುಂದಿದ್ದ ಅಣ್ಣತಮ್ಮಂದಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಮ್ಮನ ಕೈಯಲ್ಲಿ ಪರಿಮಳದ ಪೌಡರ್ ಡಬ್ಬಿ ಇತ್ತು.

“ಅದನ್ನ ವಾಪಸ್ ಇಡೋ. ಒದ್ದೆ ತೊಡೆಸಂದಿಗೆ ಪೌಡರ್ ಸುರಿದ್ರೆ ಮೆತ್ತಿಕೊಳ್ಳುತ್ತೆ ಅಷ್ಟೆ, ವಾಸನೆ ಎಲ್ಲಿ ಹೋಗುತ್ತೆ?”

“ನನ್ನ ಮಗಳು ತಾತನ ರೂಮಿನ ಬಾಗಿಲಲ್ಲೇ ಮೂಗು ಮುಚ್ಕೊಂಡಳು, ಅಣ್ಣ. ಅಪ್ಪ ನೋಡಿಬಿಟ್ರು.”

“ನೋಡದೆ ಏನು? ಬಿದ್ದುಹೋಗಿರೋದು ಕೈಕಾಲು, ಕಣ್ಣಲ್ಲ. ನಾನು ನಾಳೆ ಕೆಲಸಕ್ಕೆ ವಾಪಸ್ ಹೊರಟೆ. ಇನ್ನು ತೊಳೆಯೋನು ನೀನೇ.”

“ಅಮ್ಮ?”

“ಅವರನ್ನ ಹೊರಳಿಸೋ ಶಕ್ತಿ ಅಮ್ಮನಿಗೆಲ್ಲಿದೆ?”

“ಅಲ್ಲ, ನಾನು ಹೇಗೆ... ಅಲ್ಲಿ...”

“ಉಗುರುಬೆಚ್ಚಗಿನ ನೀರು, ಚೂರೇ ಚೂರು ಸೋಪು. ತೊಡೆಸಂದು ತೊಳಿ. ಮುಂದೊಗಲು ಮೆಲ್ಲಗೆ ಹಿಂದೆ ಸರಿಸಿ ಬರೀ ನೀರು ಹಾಕು, ಮರೀದೆ ಮತ್ತೆ ಮುಂದಕ್ಕೆ ತಾ. ಮೆತ್ತನೆ ಬಟ್ಟೇಲಿ ಒತ್ತಿ ಒರೆಸು, ಉಜ್ಜಬೇಡ. ದಿನಾ ಒಗೆದ ಹತ್ತಿ ಚಡ್ಡಿ ಹಾಕು.”

“ನಿನಗೆ ನಾಚಿಕೆ ಆಗ್ಲಿಲ್ವಾ?”

“ಮೊದಲ ದಿನ ಕಣ್ಣು ಮುಚ್ಕೊಂಡೇ ತೊಳೆದೆ. ಅಪ್ಪ ಅಂದ್ರು, ‘ಕಣ್ಣು ಬಿಡಪ್ಪಾ, ಸೋಪು ಹಾಗೇ ಉಳಿಯುತ್ತೆ. ನಿನ್ನ ಕುಂಡೆ ತೊಳೆಯೋವಾಗ ನಾನೇನು ಕಣ್ಣು ಮುಚ್ಚಿದ್ನಾ?’”

ತಮ್ಮ ನಗಲಿಲ್ಲ. ಡಬ್ಬಿಯನ್ನು ಇದ್ದ ಜಾಗದಲ್ಲೇ ಇಟ್ಟು ಬಂದ. ಸೋಪು, ಬಟ್ಟೆಗಳಿದ್ದ ಚೀಲವನ್ನು ಅಣ್ಣನ ಕೈಯಿಂದ ತಾನೇ ಇಸಿದುಕೊಂಡ.

“ಇವತ್ತೇ ಮಾಡ್ತೀನಿ. ನೀನು ಪಕ್ಕದಲ್ಲಿರು.”

“ಬಾಗಿಲ ಹೊರಗಿರ್ತೀನಿ,” ಎಂದ ಅಣ್ಣ, ಮೆಟ್ಟಿಲಿಳಿಯುತ್ತ. “ಅವರಿಗೆ ಒಬ್ಬನ ಕಣ್ಣೇ ಸಾಕು.”