ಸಿವಿಯರ್ ಅಂದ್ರೆ ಎಷ್ಟು ಜೋರು?

ಪಕ್ಕದವರ ಸಂಕಟವನ್ನು ಬರೆಯುವುದು ತಪ್ಪೇನೋ, ಕ್ಷಮಿಸಿ. ಊಟಿಯ ಆಸ್ಪತ್ರೆಯೊಂದರ ಬೆಂಚಿನಲ್ಲಿ ನನ್ನ ಪಕ್ಕ ಅಲ್ಲೇ ಹತ್ತಿರದ ಸೋಲೂರಿನ ಸಿದ್ದಾಜಮ್ಮ, ಅವರ ಮಗಳು ರಮ್ಯಾ ಕೂತಿದ್ದರು.

“ಚೀಟೀಲಿ ನಿಮ್ಮಪ್ಪಂಗೆ ಏನಂತ ಬರ್ದವ್ರೆ?”

“ನ್ಯುಮೋನಿಯಾ. ಸಿವಿಯರ್ ಅಂತೆ.”

“ಹಂಗಂದ್ರೆ?”

“ಜೋರು ಅಂತ, ಅವ್ವಾ.”

“ಎಷ್ಟು ಜೋರು? ಓದ್ದೋಳಲ್ವಾ ನೀನು, ಸರಿಯಾಗಿ ಹೇಳು.”

“ಹೋದ್ ಜನವರೀಲಿ ಹಿಮ ಬಿದ್ದಾಗ ಇಂಗ್ಲಿಷ್ ಪೇಪರಲ್ಲಿ ಇದೇ ಪದ ಹಾಕಿದ್ರು.”

“ಅಯ್ಯೋ, ತೋಟವೇ ಕರಕಲಾಯ್ತಲ್ಲೇ!”

“ಎಲೆ ಸುಟ್ಟೋಯ್ತು, ನಿಜ. ಕೊಂಬೆ ಸವರಿ ಕವಾತು ಮಾಡಿದ್ಮೇಲೆ ಟೀ ಗಿಡ ಚಿಗುರ್ಲಿಲ್ವಾ?”

“ತಗ್ಗಿನ ಸಾಲು ಚಿಗುರ್ಲೇ ಇಲ್ಲ ಕಣೇ. ನಿಮ್ಮಪ್ಪನೇ ಕಿತ್ತಾಕಿದ್ದು.”

ರಮ್ಯಾ ಚೀಟಿಯನ್ನು ಮಡಚಿದಳು. ಅಷ್ಟರಲ್ಲಿ ನರ್ಸ್ ಬಂದು, ಬೆಟ್ಟಯ್ಯನವರ ಕಡೆಯವರು ಯಾರೆಂದು ಕೇಳಿದರು. ಇಬ್ಬರೂ ಕೈ ಹಿಡಿದುಕೊಂಡು ಒಳಗೆ ಹೋದರು.

ನಾನು ಬಸ್ಸಿಗೆಂದು ಎದ್ದು ಹೊರಡುವವರೆಗೂ ಅವರು ಹೊರಗೆ ಬರಲಿಲ್ಲ. ಬೆಟ್ಟಯ್ಯನವರು ಏನಾದರೋ ನನಗೆ ಗೊತ್ತಿಲ್ಲ.